ಹಳೆ ಡಿಟಿಪಿ ಯಂತ್ರಕ್ಕೆ ಹೊಸ ರೂಟರ್

ತಾಲ್ಲೂಕು ಮಟ್ಟದ ವಾರಪತ್ರಿಕೆಗಳ ಚರಿತ್ರೆ ಹುಡುಕುವವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಮೊಳೆ ಜೋಡಿಸುತ್ತಿದ್ದ ಕಾಲದ ಸಂಚಿಕೆಗಳು ಯಾರದೋ ಮನೆಯ ಅಟ್ಟದಲ್ಲಾದರೂ ಸಿಗುತ್ತವೆ, 2002ರದ್ದು ಸಿಗುವುದಿಲ್ಲ. ಡಿಟಿಪಿ ಬಂದ ಮೇಲೆ ‘ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ’ ಎಂದು ಕಾಗದವನ್ನು ರದ್ದಿಗೆ ಹಾಕಿದವರೇ ಹೆಚ್ಚು. ಆ ಕಂಪ್ಯೂಟರೋ, ವಿಂಡೋಸ್ 98 ಮತ್ತು ಪೇಜ್‌ಮೇಕರ್ ಸಮೇತ ಮೂಲೆಯಲ್ಲಿ ದೂಳು ತಿನ್ನುತ್ತಿರುತ್ತದೆ.

ನಿಂತುಹೋದ ವಾರಪತ್ರಿಕೆಯೊಂದರ ಅಂಥ ಯಂತ್ರ ನಮ್ಮ ಬಳಗಕ್ಕೆ ಸಿಕ್ಕಿತು. ಕೆರೆ ಒತ್ತುವರಿ, ಪಂಚಾಯ್ತಿ ಚುನಾವಣೆ, ಬರ, ಜಾತ್ರೆ: ದೊಡ್ಡ ಪತ್ರಿಕೆಗಳು ಒಂದು ಸಾಲೂ ಬರೆಯದ ಎಷ್ಟೋ ಸುದ್ದಿಗೆ ಉಳಿದಿರುವ ಪ್ರತಿ ಅದೊಂದೇ.

ಹಾರ್ಡ್ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಸಾಲದೇ ಎಂದು ಕೇಳಬಹುದು. ಕಡತಗಳೇನೋ ಬರುತ್ತವೆ, ಪುಟ ಬರುವುದಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಹಲವು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ತೆರೆಯುವುದೇ ಇಲ್ಲ. ಹಾಗಾಗಿ ಯಂತ್ರ ಬದುಕಿರಬೇಕು, ಪುಟ ಅಲ್ಲೇ ತೆರೆಯಬೇಕು, ಅಲ್ಲಿಂದ ಹೊರಗೆ ಬರಬೇಕು. ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ. ಪೆನ್‌ಡ್ರೈವ್‌ಗೆ ವಿಂಡೋಸ್ 98ರಲ್ಲಿ ಬೇರೆಯೇ ಡ್ರೈವರ್ ಹಾಕಬೇಕು. ಉಳಿದದ್ದು ಮನೆಯ ನೆಟ್‌ವರ್ಕ್.

ಇಲ್ಲಿ ಹಳೆಯ ತಂತಿಯ ನಿಯತ್ತನ್ನು ಮೆಚ್ಚಬೇಕು. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಟೆಲಿಫೋನಿನಂತೆ ಹೆಣೆದ ಜೋಡಿ ತಂತಿಯಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಕಳಿಸುವ ಮಾನದಂಡ ಬಂದದ್ದು 1990ರಲ್ಲಿ. ಇಂದಿನ ಗಿಗಾಬಿಟ್ ರೂಟರಿನ ಪೋರ್ಟುಗಳು ಸಾಮಾನ್ಯವಾಗಿ ಎದುರಿರುವ ಕಾರ್ಡಿನ ವೇಗ ನೋಡಿ ಅಲ್ಲಿಗೆ ತಾವೇ ಇಳಿಯುತ್ತವೆ, ಅಜ್ಜನ ಜೊತೆ ನಡೆಯುವ ಮೊಮ್ಮಗನ ಹಾಗೆ. ಅಗ್ಗದ ಪಿಸಿಐ ಕಾರ್ಡ್, ಅದರ ಡ್ರೈವರ್, ಒಂದು ಕೇಬಲ್ ಸಾಕು. ರೂಟರ್ ತಾನಾಗಿ ವಿಳಾಸ ಕೊಡುತ್ತದೆ. ‘ವಿನ್‌ಐಪಿಸಿಎಫ್‌ಜಿ’ ಎಂದು ಟೈಪಿಸಿದರೆ ಅದು ಕಾಣುತ್ತದೆ. ವೈಫೈ ಮಾತ್ರ ಕೈಲಾಗದ ಮಾತು. ಇಂದಿನ ಮನೆಗಳು ಬಳಸುವ ಡಬ್ಲ್ಯುಪಿಎ2 ಬಂದದ್ದೇ 2004ರಲ್ಲಿ.

ವಿಳಾಸ ಸಿಕ್ಕರೂ ಮಾತುಕತೆ ಶುರುವಾಗಲಿಲ್ಲ. ನೆಟ್‌ವರ್ಕ್ ನೇಬರ್‌ಹುಡ್‌ನಲ್ಲಿ ನಮ್ಮ ಲ್ಯಾಪ್‌ಟಾಪ್ ಕಾಣಲೇ ಇಲ್ಲ. ವಿಂಡೋಸ್ 98ಕ್ಕೆ ಬರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ ವನ್ನಾಕ್ರೈ ನುಗ್ಗಿದ್ದು ಇದೇ ಬಾಗಿಲಿನಿಂದ. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಅದು ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮತ್ತೆ ತೆರೆಯಿರಿ ಎಂಬ ಸಲಹೆ ಬೇಕಾದಷ್ಟು ಸಿಗುತ್ತದೆ. ನಮಗದು ಒಪ್ಪಿಗೆಯಾಗಲಿಲ್ಲ. ಸತ್ತ ಪತ್ರಿಕೆಗಾಗಿ ಜೀವಂತ ಲ್ಯಾಪ್‌ಟಾಪಿನ ಬಾಗಿಲು ಯಾಕೆ ತೆರೆಯಬೇಕು?

ನೆರವಿಗೆ ಬಂದದ್ದು ಇನ್ನೂ ಹಳೆಯ ಒಂದು ಪದ್ಧತಿ, ಎಫ್‌ಟಿಪಿ. ಇದರ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ಇನ್ನಷ್ಟು ಕಾಣಬೇಕಿತ್ತು. ಬೇರೆ ಬೇರೆ ಜಾತಿಯ ಯಂತ್ರಗಳು ಕಡತ ಹಂಚಿಕೊಳ್ಳಲೆಂದೇ ಅದು ಹುಟ್ಟಿತು, ಆದ್ದರಿಂದಲೇ ಇಲ್ಲಿ ಸಲ್ಲಿತು. ವಿಂಡೋಸ್ 98ರಲ್ಲಿ ಅದು ಮೊದಲೇ ಇರುತ್ತದೆ. ನಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸರ್ವರ್ ಹಾಕಿದೆವು. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟವು, ಕಾರಣವೂ ಇದೆ. ಪಾಸ್‌ವರ್ಡ್ ಬರಿಮೈಯಲ್ಲಿ ಓಡಾಡುತ್ತದೆ. ಕಡತ ಸಾಗಿಸುವಷ್ಟು ಹೊತ್ತು ರೂಟರಿನಿಂದ ಇಂಟರ್ನೆಟ್ ಕೇಬಲ್ ಕಿತ್ತಿಟ್ಟರೆ ಆಯಿತು.

ಒಂದು ಎಚ್ಚರ ಬೇಕು. ಆ ಎಫ್‌ಟಿಪಿ ಶುರುವಿಗೆ ಎಲ್ಲವನ್ನೂ ಬರಿ ಪಠ್ಯವೆಂದೇ ನಂಬುತ್ತದೆ, ಸಾಲಿನ ಕೊನೆಯ ಗುರುತುಗಳು ದಾರಿಯಲ್ಲಿ ಬದಲಾಗುತ್ತವೆ. ಪೇಜ್‌ಮೇಕರ್ ಕಡತ ಹಾಗೆ ಹೋದರೆ ಕೆಟ್ಟಿತೆಂದೇ ಅರ್ಥ. ಮೊದಲು ‘ಬೈನರಿ’ ಎಂದು ಹೇಳಿ, ಆಮೇಲೆ ಕಳಿಸಬೇಕು. ಫೋಲ್ಡರಿನೊಳಗಿನ ಫೋಲ್ಡರಿಗೆ ಅದು ತಾನಾಗಿ ಇಳಿಯುವುದಿಲ್ಲ, ಒಂದೊಂದಾಗಿ ಕಳಿಸುವ ತಾಳ್ಮೆಯೂ ಬೇಕು.

ಬಂದ ಸುದ್ದಿ ಹೊಸ ಯಂತ್ರದಲ್ಲಿ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಂತೆ ಕಾಣುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಂಡದ್ದು 2001ರ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ ಫಾಂಟು ಮಾಡಿದವರೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತಮಗೆ ತೋಚಿದಂತೆ ಕೂರಿಸಿದ್ದರು. ಪರಿವರ್ತಕಗಳಿವೆ, ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಕಣ್ಣಿಟ್ಟು ತಿದ್ದಲೇಬೇಕು. ಪುಟದ ಮುದ್ರಿತ ರೂಪವನ್ನೂ ಜೊತೆಗೆ ಇಟ್ಟುಕೊಂಡಿದ್ದೇವೆ.

ಈಗ ಉಳಿದಿರುವ ತಕರಾರು ತಾರೀಕಿನದು. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತ ಮೇಲೂ ಯಂತ್ರ ಪುಟ ಕಟ್ಟುತ್ತಲೇ ಇತ್ತು. ಹಾಗಾಗಿ ಕೊನೆಯ ಕೆಲವು ಸಂಚಿಕೆಗಳ ಕಡತಗಳ ಮೇಲೆ 1980ರ ಜನವರಿ ಎಂದಿದೆ. ಅವನ್ನು ಒಂದೊಂದಾಗಿ ತೆರೆದು, ಶಿರೋನಾಮೆಯ ಕೆಳಗಿನ ತಾರೀಕು ನೋಡಿ, ಕಡತಕ್ಕೆ ಹೆಸರಿಡುತ್ತಿದ್ದೇವೆ.