ಸೂರ್ಯಕಾಂತಿಯ ನೆಕ್ರೋಸಿಸ್ ನಂಜುರೋಗ

ಇಪ್ಪತ್ತನೆಯ ಶತಮಾನದ ಅಂತ್ಯಭಾಗದಲ್ಲಿ ದಕ್ಷಿಣ ಭಾರತದ ಎಣ್ಣೆಕಾಳು ಬೆಳೆಗಳಿಗೆ ನೂತನವಾಗಿ ತಗುಲಿದ, ತಂಬಾಕು ಸ್ಟ್ರೀಕ್ ವೈರಸ್ ಎಂಬ ನಂಜಾಣುವಿನಿಂದ ಉಂಟಾಗುವ ಸಸ್ಯವ್ಯಾಧಿ. ಈ ನಂಜಾಣು ತಂಬಾಕಿಗೆ ತಂದೊಡ್ಡುವ ರೋಗವನ್ನು ಅಮೆರಿಕದ ಸಸ್ಯರೋಗಶಾಸ್ತ್ರಜ್ಞ ಜೇಮ್ಸ್ ಜಾನ್ಸನ್ 1936ರಷ್ಟು ಹಿಂದೆಯೇ ವಿವರಿಸಿದ್ದನು.

ಭಾರತದಲ್ಲಿ ಈ ವ್ಯಾಧಿ ಮೊದಲು ಕಾಣಿಸಿಕೊಂಡುದು 1997ರಲ್ಲಿ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಬಾಗೇಪಲ್ಲಿಯ ಹೊಲಗಳಲ್ಲಿ. ಎಲೆಯ ಒಂದು ಪಾರ್ಶ್ವ ಒಣಗಿ, ಆ ಕಡೆಗೆ ಎಲೆಯೇ ತಿರುಚಿಕೊಂಡು, ಕಪ್ಪು ತೊಟ್ಟಿನಿಂದ ಕಾಂಡಕ್ಕೂ ಕಾಂಡದಿಂದ ಹೂವಿನ ತೆನೆಗೂ ಏರುವುದು; ಎಳೆಯ ಗಿಡವಾದರೆ ಅದು ಕುಬ್ಜವಾಗಿ ಸಾಯುವುದು, ಮೊಗ್ಗಿನ ಹಂತದಲ್ಲಿ ತಗುಲಿದರೆ ತೆನೆ ಸೊಟ್ಟಗಾಗಿ ಕಾಳು ಕಟ್ಟದೆ ಜೊಳ್ಳಾಗುವುದು. ಲಕ್ಷಣಸಾದೃಶ್ಯದಿಂದ ಇದನ್ನು ಮೊದಲಿಗೆ ಟಾಸ್ಪೊವೈರಸ್ ವರ್ಗದ ಕೃತ್ಯವೆಂದು ಭಾವಿಸಲಾಗಿತ್ತಾದರೂ, ಅನಂತರದ ಪರೀಕ್ಷೆಗಳಿಂದ ನಿಜವಾದ ಕಾರಣ ಸ್ಪಷ್ಟವಾಯಿತು. ಕೆಲವೇ ವರ್ಷಗಳಲ್ಲಿ ರೋಗ ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಿಗೂ ವ್ಯಾಪಿಸಿತು. 2000ದಲ್ಲಿ ಅನಂತಪುರ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ಕಡಲೆಕಾಯಿ ಬೆಳೆ ಇದೇ ನಂಜಾಣುವಿಗೆ ತುತ್ತಾಗಿ, ಮುನ್ನೂರು ಕೋಟಿ ರೂಪಾಯಿಗಳಿಗೂ ಮಿಕ್ಕಿದ ನಷ್ಟ ಸಂಭವಿಸಿತು.

ಈ ರೋಗದ ಪ್ರಸಾರಕ್ರಮ ವಿಶಿಷ್ಟವಾದುದು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧಕರ ಪರಿಶೀಲನೆಯಿಂದ, ರೈತರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕಳೆಯೇ ನಂಜಿನ ಮುಖ್ಯ ಆಶ್ರಯವೆಂದು ತಿಳಿದುಬಂದಿತು. ಹೊರಗೆ ಯಾವ ರೋಗಚಿಹ್ನೆಯನ್ನೂ ತೋರದ ಈ ಗಿಡದ ಪರಾಗದಲ್ಲಿ ನಂಜಾಣು ಅಡಗಿರುವುದು. ಹೂವಿನಲ್ಲಿ ನೆಲೆಸಿದ ಥ್ರಿಪ್ಸ್ ನುಸಿಗಳು ಆ ಪರಾಗವನ್ನು ಮೈಗೆ ಅಂಟಿಸಿಕೊಂಡು ಬೆಳೆಯ ಎಲೆಗೆ ತಂದು, ರಸ ಹೀರಲು ಮಾಡಿದ ಗಾಯದ ಮೂಲಕ ಪರಾಗದಲ್ಲಿದ್ದ ನಂಜು ಗಿಡದೊಳಕ್ಕೆ ಸೇರುವಂತೆ ಮಾಡುವುವು. ರೋಗ ತಗುಲಿದ ಸೂರ್ಯಕಾಂತಿಯ ಪರಾಗವೂ ಹೀಗೆಯೇ ನಂಜನ್ನು ಹರಡಬಲ್ಲದು. ಕಡಲೆಕಾಯಿಯ ಹೂವಿನ ಪರಾಗವಾದರೋ ಒಳಗೇ ಮುಚ್ಚಿಕೊಂಡಿರುವುದರಿಂದ ಆ ಬೆಳೆ ರೋಗವನ್ನು ಅನುಭವಿಸುವುದೇ ಹೊರತು ಹರಡುವುದಿಲ್ಲ.

ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲವಾದುದರಿಂದ ನಿವಾರಣೆಯೆಲ್ಲವೂ ಮುನ್ನೆಚ್ಚರಿಕೆಯನ್ನೇ ಅವಲಂಬಿಸಿದೆ. ಥ್ರಿಪ್ಸ್ ನುಸಿಯ ವಿರುದ್ಧ ಬೀಜೋಪಚಾರ ಮಾಡುವುದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಕೆಲವು ಸಾಲುಗಳನ್ನು ಮುಂಚಿತವಾಗಿ ಬಿತ್ತಿ ಗಾಳಿಯಲ್ಲಿ ತೇಲಿಬರುವ ನುಸಿಗಳನ್ನು ತಡೆಯುವುದು ಉಪಯುಕ್ತ ಕ್ರಮಗಳು. ಇವೆಲ್ಲಕ್ಕಿಂತ ಮುಖ್ಯವಾದುದು ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತುಹಾಕುವುದು. ಬದು, ಬೀಳು, ರಸ್ತೆಯ ಅಂಚುಗಳಲ್ಲೆಲ್ಲ ಬೆಳೆದಿರುವ ಈ ಕಳೆಯ ನಿರ್ಮೂಲನೆ ಒಬ್ಬ ರೈತನಿಂದ ಆಗತಕ್ಕುದಲ್ಲ. ಇಡೀ ಗ್ರಾಮವೇ ಕೂಡಿ ಮಾಡಬೇಕಾದ ಕಾರ್ಯವಿದು.