ಹಸಿರು ಕಟ್ಟಡ ಪ್ರಮಾಣೀಕರಣ: ಉತ್ತರ ಬೆಂಗಳೂರು

ಕಟ್ಟಡವೊಂದು ವಿದ್ಯುತ್ತು, ನೀರು, ಸಾಮಗ್ರಿಗಳನ್ನು ಎಷ್ಟು ಹಿತಮಿತವಾಗಿ ಬಳಸುತ್ತದೆ ಎಂಬುದಕ್ಕೆ ಅಂಕ ಕೊಟ್ಟು ದರ್ಜೆ ನಿರ್ಧರಿಸುವ ಪದ್ಧತಿಯೇ ಹಸಿರು ಕಟ್ಟಡ ಪ್ರಮಾಣೀಕರಣ. 1990ರಲ್ಲಿ ಬ್ರಿಟನ್ನಿನ ‘ಬ್ರೀಯಾಮ್’ ಬಂತು, ಆ ದಶಕದ ಕೊನೆಗೆ ಅಮೆರಿಕದ ‘ಲೀಡ್’. ಭಾರತೀಯ ಹಸಿರು ಕಟ್ಟಡ ಮಂಡಳಿ 2001ರಲ್ಲಿ ರೂಪುಗೊಂಡಿತು. ಟೆರಿ ಸಂಸ್ಥೆ ಬೆಳೆಸಿದ ‘ಗೃಹ’ ಪದ್ಧತಿಯನ್ನು ಕೇಂದ್ರ ಸರ್ಕಾರ 2007ರಲ್ಲಿ ಒಪ್ಪಿಕೊಂಡಿತು.

ಉತ್ತರ ಬೆಂಗಳೂರಿನಲ್ಲಿ ಶಕ್ತಿ ಉಳಿಸುವ ಕಟ್ಟಡದ ಯೋಚನೆ ಈ ಪದ್ಧತಿಗಳಿಗಿಂತಲೂ ಹಳೆಯದು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ, ವಿಜ್ಞಾನವನ್ನು ಹಳ್ಳಿಗಳಿಗೆ ಒಯ್ಯಲೆಂದು ‘ಅಸ್ತ್ರ’ ಕೇಂದ್ರ ಹುಟ್ಟಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯನ್ನು ಹದಗೊಳಿಸಿದರು. ಜರಡಿ ಹಿಡಿದ ಮಣ್ಣಿಗೆ ಮರಳು, ತುಸು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಅಚ್ಚಿಗೆ ತುಂಬಿ ಸನ್ನೆಕೋಲಿನಿಂದ ಒತ್ತುತ್ತಾರೆ. ಹೊರಬಂದ ಇಟ್ಟಿಗೆಯನ್ನು ಪೇರಿಸಿಟ್ಟು ವಾರಗಟ್ಟಲೆ ತೇವ ಆರದಂತೆ ನೋಡಿಕೊಂಡರೆ ಸಾಕು, ಗೂಡಿಲ್ಲ, ಸೌದೆಯಿಲ್ಲ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಇದಕ್ಕೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಸುಮಾರು ಕಾಲು ಭಾಗ. ಇಂಥ ಸಾಮಗ್ರಿಗಳನ್ನು ಬಳಸಿದರೆ ಗೋಡೆಯೇ ಭಾರ ಹೊರುವ ಕಟ್ಟಡಗಳ ಒಟ್ಟು ಅಂತರ್ಗತ ಶಕ್ತಿಯನ್ನು, ಅಂದರೆ ಸಾಮಗ್ರಿ ತಯಾರಿಸಿ ಕಟ್ಟಲು ತಗಲುವ ಶಕ್ತಿಯನ್ನು, ಅರ್ಧಕ್ಕೆ ಇಳಿಸಬಹುದು. ಸಾಮಗ್ರಿಗಳ ಇಂಥ ಲೆಕ್ಕವೂ ಸೇರಿದಂತೆ ಇಡೀ ಕಟ್ಟಡ ಹುಟ್ಟಿನಿಂದ ಕೊನೆಯವರೆಗೆ ಪರಿಸರದ ಮೇಲೆ ಬೀರುವ ಪರಿಣಾಮಕ್ಕೆ ಲೀಡ್ ತನ್ನ ಮುಖ್ಯ ಅಂಕಪಟ್ಟಿಯಲ್ಲಿ ಜಾಗ ಕೊಟ್ಟದ್ದು 2013ರ ನಾಲ್ಕನೆಯ ಆವೃತ್ತಿಯಲ್ಲಿ. ಪ್ರಮಾಣಪತ್ರದ ಚರಿತ್ರೆ ಬರೆಯುವವರು ಅಸ್ತ್ರದ ಈ ದುಡಿಮೆಯನ್ನು ಬಿಟ್ಟು ಮುಂದೆ ಹೋಗುವುದು ಅನ್ಯಾಯ.

ಪ್ರಮಾಣಪತ್ರ ಪಡೆಯುವುದು ಬಹುಮಟ್ಟಿಗೆ ಮಾಲೀಕರ ಇಷ್ಟ. ಮಳೆನೀರು ಸಂಗ್ರಹ ಹಾಗಲ್ಲ. ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಮಂಡಳಿಯ ವ್ಯಾಪ್ತಿಯಲ್ಲಿ 60x40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 30x40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವವರಿಗೂ ಅದನ್ನು ಕಡ್ಡಾಯ ಮಾಡಿತು. ಆರ್.ಟಿ. ನಗರ, ಯಲಹಂಕದಂಥ ಬಡಾವಣೆಗಳ ಸಾಮಾನ್ಯ ಮನೆಗಳನ್ನು ಮುಟ್ಟಿದ್ದು ಪ್ರಮಾಣಪತ್ರದ ‘ಪ್ಲಾಟಿನಂ’ನಂಥ ಮೇಲಿನ ದರ್ಜೆಗಳಿಗಿಂತ ಹೆಚ್ಚಾಗಿ ಈ ಕಾನೂನೇ.

ಪ್ರಮಾಣಪತ್ರ ಪಡೆದ ಕಟ್ಟಡಗಳಿಗೆ ಬಂದರೆ, ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ದೊಡ್ಡ ನಿದರ್ಶನ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. 2022ರ ನವೆಂಬರ್ 11ರಂದು ಉದ್ಘಾಟನೆಯಾದ, ಬಿದಿರಿನ ಚಾವಣಿ ಮತ್ತು ತೂಗುತೋಟಗಳ ಈ ಕಟ್ಟಡದ ಮೊದಲ ಹಂತವೇ ಸುಮಾರು 2.55 ಲಕ್ಷ ಚದರ ಮೀಟರ್. ಪ್ರಯಾಣಿಕರು ಕಾಲಿಡುವ ಮೊದಲೇ ಅದಕ್ಕೆ ಲೀಡ್ ಪ್ಲಾಟಿನಂ ಪೂರ್ವ ಪ್ರಮಾಣೀಕರಣ ಸಿಕ್ಕಿತ್ತು. ಲೀಡ್‌ನಲ್ಲಿ 110ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಪ್ಲಾಟಿನಂ. ಪೂರ್ವ ಪ್ರಮಾಣೀಕರಣ ಅಳೆಯುವುದು ವಿನ್ಯಾಸವನ್ನು. ಬಳಕೆಯಲ್ಲಿರುವ ಕಟ್ಟಡಗಳಿಗೆ ಲೀಡ್‌ನಲ್ಲೂ ಭಾರತೀಯ ಹಸಿರು ಕಟ್ಟಡ ಮಂಡಳಿಯಲ್ಲೂ ಬೇರೆ ಅಂಕಪಟ್ಟಿಗಳಿವೆ. ಅಲ್ಲಿ ವಾಸ್ತವವಾಗಿ ಖರ್ಚಾದ ವಿದ್ಯುತ್ತು ಮತ್ತು ನೀರೂ ಲೆಕ್ಕಕ್ಕೆ ಬರುತ್ತವೆ.