ದೇಶಬಂಧು ದಾಸರ ವಕೀಲವೃತ್ತಿ

ಪ್ರಮಾಣಗಳು ನಾಲ್ಕೆಂಬುದು ನ್ಯಾಯಶಾಸ್ತ್ರವನ್ನು ಓದಿದವರಿಗೆಲ್ಲ ಸುವಿದಿತವಾಗಿದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇವುಗಳಲ್ಲಿ ಶಬ್ದವು ಆಪ್ತವಾಕ್ಯವಾದಾಗ ಮಾತ್ರ ಪ್ರಮಾಣವೆನಿಸುವುದು. ನುಡಿದವನು ಆಪ್ತನೋ ಅಲ್ಲವೋ ಎಂಬುದನ್ನು ಪರೀಕ್ಷಿಸದೆ ಅವನ ಮಾತನ್ನು ನಂಬತಕ್ಕದ್ದಲ್ಲ. ಆದರೆ ರಾಜ್ಯಕ್ಕೆ ಭಯವುಂಟಾದ ಕಾಲದಲ್ಲಿ ಮೊಟ್ಟಮೊದಲು ಮರೆಯಾಗುವುದು ಈ ಪರೀಕ್ಷೆಯೇ. ರಾಜದ್ರೋಹದ ಆರೋಪ ಹೊತ್ತವರ ಪರವಾಗಿ ವಾದಿಸಿದ ಚಿತ್ತರಂಜನ ದಾಸರ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ದಾಸರು 1870ನೆಯ ಇಸವಿಯಲ್ಲಿ ಕಲ್ಕತ್ತೆಯಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪದವಿಯನ್ನು ಪಡೆದು, ಕಲ್ಕತ್ತೆಯ ಹೈಕೋರ್ಟಿನಲ್ಲಿ ವೃತ್ತಿಯನ್ನು ಆರಂಭಿಸಿದರು. ತಂದೆಯವರಾದ ಭುವನಮೋಹನ ದಾಸರು ಸಾಲದಲ್ಲಿ ಮುಳುಗಿದ್ದುದರಿಂದ 1906ರಲ್ಲಿ ತಂದೆ ಮಕ್ಕಳಿಬ್ಬರೂ ದಿವಾಳಿಯೆಂದು ಘೋಷಿಸಿಕೊಳ್ಳಬೇಕಾಯಿತು. ಇಂತಹ ಕಷ್ಟದ ದಿನಗಳಲ್ಲಿಯೇ ಅವರು ಹಣ ತಾರದ ಮೊಕದ್ದಮೆಗಳನ್ನು ಕೈಗೆತ್ತಿಕೊಂಡುದು ಗಮನಾರ್ಹವಾದ ಸಂಗತಿ. 1907ರಲ್ಲಿ ‘ಸಂಧ್ಯಾ’ ಪತ್ರಿಕೆಯ ಬ್ರಹ್ಮಬಾಂಧವ ಉಪಾಧ್ಯಾಯರ ಪರವಾಗಿಯೂ, ಅರವಿಂದ ಘೋಷರ ವಿರುದ್ಧ ಸಾಕ್ಷಿ ನುಡಿಯಲೊಲ್ಲದ ಬಿಪಿನಚಂದ್ರ ಪಾಲರ ಪರವಾಗಿಯೂ ಅವರು ನಿಂತರು. ಪಾಲರಿಗೆ 6 ತಿಂಗಳ ಸೆರೆಯಾಯಿತು; ಉಪಾಧ್ಯಾಯರು ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು.

ದಾಸರ ಕೀರ್ತಿಗೆ ಮುಖ್ಯ ಕಾರಣವಾದುದು ಅಲೀಪುರದ ಬಾಂಬು ಮೊಕದ್ದಮೆ. 1908ರ ಏಪ್ರಿಲ್ 30ರಂದು ಮುಜಫರಪುರದಲ್ಲಿ ನ್ಯಾಯಾಧೀಶ ಕಿಂಗ್ಸ್‌ಫರ್ಡನನ್ನು ಕೊಲ್ಲಬೇಕೆಂದು ಎಸೆದ ಬಾಂಬಿಗೆ ನಿರಪರಾಧಿಗಳಾದ ಇಬ್ಬರು ಆಂಗ್ಲ ಸ್ತ್ರೀಯರು ಬಲಿಯಾದರು. ಎರಡು ದಿನಗಳೊಳಗೆ ಪೋಲೀಸರು ಕಲ್ಕತ್ತೆಯ ಮಾಣಿಕತಲಾ ತೋಟವನ್ನು ಶೋಧಿಸಿ ಬಾಂಬಿನ ಸಾಮಗ್ರಿಗಳನ್ನು ಹಿಡಿದರು. ಅರವಿಂದರನ್ನೂ, ಅವರ ತಮ್ಮ ಬಾರೀಂದ್ರನನ್ನೂ, ಇತರ ಅನೇಕರನ್ನೂ ಬಂಧಿಸಿ, ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದರೆಂಬ ಆರೋಪವನ್ನು ಹೊರಿಸಿದರು. ಸರ್ಕಾರದವರ ಭಯವು ನಿರಾಧಾರವಾಗಿತ್ತೆಂದು ಯಾರೂ ಹೇಳಲಾರರು. ಆದರೆ ತೋಟದಲ್ಲಿ ಬಾಂಬು ಸಿಕ್ಕಿತೆಂಬ ಮಾತ್ರದಿಂದ ಬಂಧಿತರೆಲ್ಲರೂ ಅಪರಾಧಿಗಳೆಂದು ಸಿದ್ಧವಾಗುವುದೇ? ಇದೇ ಮೊಕದ್ದಮೆಯ ಜೀವಾಳವಾದ ಪ್ರಶ್ನೆ.

ಸರ್ಕಾರದ ಪಕ್ಷದಲ್ಲಿ ಮದರಾಸಿನ ಪ್ರಖ್ಯಾತ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್ ಇದ್ದರು. 200ಕ್ಕೂ ಹೆಚ್ಚು ಸಾಕ್ಷಿಗಳೂ ಸುಮಾರು 4,000 ಕಾಗದಪತ್ರಗಳೂ ಇದ್ದವು. ವಿಚಾರಣೆಗೆ ಕುಳಿತ ಬೀಚ್‌ಕ್ರಾಫ್ಟರು ಹಿಂದೆ ಐ.ಸಿ.ಎಸ್. ಪರೀಕ್ಷೆಯ ಗ್ರೀಕ್ ಭಾಷೆಯಲ್ಲಿ ಅರವಿಂದರಿಗೆ ಎರಡನೆಯವರಾಗಿ ತೇರ್ಗಡೆಯಾದವರು. ಅರವಿಂದರ ಪರವಾಗಿ ಕೂಡಿಸಿದ್ದ ಹಣವು ಕರಗಿ ಮೊದಲಿನ ವಕೀಲರು ಹಿಂದೆ ಸರಿದಾಗ ದಾಸರು ಆ ಭಾರವನ್ನು ಹೊತ್ತು, ಬೇರೆ ಕೆಲಸಗಳನ್ನೆಲ್ಲ ಬದಿಗೊತ್ತಿ, ತಿಂಗಳುಗಟ್ಟಲೆ ಅದರಲ್ಲಿಯೇ ಮುಳುಗಿದರು.

ಮಾಫಿಸಾಕ್ಷಿಯಾಗಿದ್ದ ನರೇಂದ್ರನಾಥ ಗೋಸಾಯಿಯ ಹೇಳಿಕೆಯು ಸರ್ಕಾರದವರಿಗೆ ದೊಡ್ಡ ಆಸರೆಯಾಗಿತ್ತು. ಅವನನ್ನು 1908ರ ಆಗಸ್ಟ್ 31ರಂದು ಕನಾಯಿಲಾಲ ದತ್ತ, ಸತ್ಯೇಂದ್ರನಾಥ ಬಸು ಎಂಬ ಸಹಬಂದಿಗಳಿಬ್ಬರು ಸೆರೆಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅವನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆಯನ್ನು ಕೊಟ್ಟಾಗ ಆರೋಪಿಗಳ ಕಡೆಯವರಿಗೆ ಪಾಟೀಸವಾಲಿನ ಅವಕಾಶವೇ ದೊರೆತಿರಲಿಲ್ಲ. ಆದುದರಿಂದ ನ್ಯಾಯಾಲಯವು ಆ ಹೇಳಿಕೆಯನ್ನು ಪ್ರಮಾಣವಾಗಿ ಸ್ವೀಕರಿಸಲಿಲ್ಲ. ಕೊಲೆಯು ಹೇಯವಾದರೂ ಪರೀಕ್ಷೆಗೆ ಒಳಪಡದ ಮಾತು ಪರೀಕ್ಷೆಗೆ ಒಳಪಡದ ಮಾತೇ ಸರಿ.

ಇನ್ನುಳಿದುದು ಅರವಿಂದರ ಮನೆಯಲ್ಲಿ ಸಿಕ್ಕಿತೆನ್ನಲಾದ ಒಂದು ಇಂಗ್ಲಿಷ್ ಪತ್ರ. ಅದರಲ್ಲಿ ಬಾರೀಂದ್ರನು ಭಾರತದಾದ್ಯಂತ ‘ಮಿಠಾಯಿ’ ಸಿದ್ಧವಾಗಿರಬೇಕೆಂದು ಅಣ್ಣನಿಗೆ ಬರೆದಂತಿತ್ತು. ಮಿಠಾಯಿಯೆಂದರೆ ಬಾಂಬು ಎಂಬುದು ನಾರ್ಟನರ ವ್ಯಾಖ್ಯಾನ. ದಾಸರು ಪತ್ರದ ವ್ಯಾಖ್ಯಾನಕ್ಕೆ ಕೈಹಾಕದೆ ಅದರ ಮೂಲವನ್ನೇ ಪರೀಕ್ಷಿಸಿದರು. ಬಂಗಾಳಿ ಮನೆತನದಲ್ಲಿ ತಮ್ಮನು ಮೂರನೆಯ ಅಣ್ಣನನ್ನು ‘ಸೇಜದಾ’ ಎಂದು ಕರೆಯುವುದು ವಾಡಿಕೆ. ಅಂತಹ ತಮ್ಮನು ಪರಕೀಯನಂತೆ ಸಂಬೋಧಿಸಿ, ಕೆಳಗೆ ಮನೆತನದ ಹೆಸರನ್ನೂ ಸೇರಿಸಿ ರುಜು ಹಾಕುವನೇ? ಮೇಲಾಗಿ ಪತ್ರದ ತಾರೀಖಿನ ವೇಳೆಗೆ ಅಣ್ಣತಮ್ಮಂದಿರಿಬ್ಬರೂ ಸೂರತ್ತಿನ ಕಾಂಗ್ರೆಸ್ಸಿಗೆ ಹೋಗಿದ್ದವರು. ಒಂದೇ ಊರಿನಲ್ಲಿದ್ದವರಿಗೆ ಇಂತಹ ಪತ್ರದ ಅಗತ್ಯವೇನು? ಸಾವಿರಾರು ಕಾಗದಗಳ ನಡುವೆ ಸಂಬಂಧಸೂಚಕವಾದ ಒಂದು ಪದವು ಇಷ್ಟು ಬೆಲೆಯುಳ್ಳದ್ದಾಯಿತು. ಆ ಪತ್ರವನ್ನು ನೆಚ್ಚುವುದು ಕ್ಷೇಮಕರವಲ್ಲವೆಂದು ನ್ಯಾಯಾಧೀಶರು ಬಗೆದರು.

ಸ್ವಾತಂತ್ರ್ಯದ ಆದರ್ಶವನ್ನು ಬೋಧಿಸಿದುದೇ ಅಪರಾಧವಾದರೆ ಅರವಿಂದರು ಅದನ್ನು ಒಪ್ಪುವರೆಂದೂ, ಬಾಂಬಿನ ಒಳಸಂಚು ಮಾತ್ರ ಅವರದಲ್ಲವೆಂದೂ ದಾಸರು ವಾದಿಸಿದರು. 1909ರ ಮೇ 6ರಂದು ಅರವಿಂದರು ಬಿಡುಗಡೆ ಹೊಂದಿದರು. ಬಾರೀಂದ್ರ, ಉಲ್ಲಾಸಕರ ದತ್ತ ಇವರಿಗೆ ಮರಣದಂಡನೆಯಾಯಿತು. ದಾಸರು ಅಪೀಲಿನಲ್ಲಿಯೂ ವಾದಿಸಲು, ಹೈಕೋರ್ಟು ಅದನ್ನು ಕರಿನೀರಿನ ಶಿಕ್ಷೆಯಾಗಿ ಮಾರ್ಪಡಿಸಿತು. ಬಳಿಕ ಢಾಕಾದ ಒಳಸಂಚಿನ ಮೊಕದ್ದಮೆಯಲ್ಲಿ ಪುಲಿನಬಿಹಾರಿ ದಾಸರ ಪರವಾಗಿಯೂ ಅವರು ನಿಂತರು. ವೃತ್ತಿಯಲ್ಲಿ ಧನಾಗಮವು ಹೆಚ್ಚಿದಾಗ, 1913ರಲ್ಲಿ, ಕಾನೂನಿನ ನಿರ್ಬಂಧವಿಲ್ಲದಿದ್ದರೂ ಹಳೆಯ ಸಾಲವನ್ನೆಲ್ಲ ತೀರಿಸಿದರು.

ನ್ಯಾಯಾಲಯದಲ್ಲಿ ಎದುರಾದ ತೊಡಕನ್ನು ಸರ್ಕಾರದವರು ಶಾಸನದಿಂದ ನಿವಾರಿಸಿಕೊಳ್ಳತೊಡಗಿದರು. ಆರೋಪಿಯ ಹಿತಕ್ಕಾಗಿ ಕೊಲೆಯಾದನೆಂದು ನಂಬಬಹುದಾದ ಸಾಕ್ಷಿಯ ಹೇಳಿಕೆಯನ್ನು ಪಾಟೀಸವಾಲಿಲ್ಲದೆಯೂ ಸ್ವೀಕರಿಸಬಹುದೆಂದು 1908ರ ಡಿಸೆಂಬರಿನ ಶಾಸನವು ವಿಧಿಸಿತು. 1915ರ ಭಾರತರಕ್ಷಣಾ ಶಾಸನದ ಬಲದಿಂದ ಅನೇಕರು ವಿಚಾರಣೆಯಿಲ್ಲದೆಯೇ ನಿರ್ಬಂಧಕ್ಕೆ ಒಳಗಾದರು. 1919ರ ರೌಲಟ್ ಶಾಸನವು ಅದೇ ದಾರಿಯನ್ನು ಹಿಡಿಯಿತು. ಪ್ರಮಾಣವನ್ನೇ ಮುಂದಿಡದ ಕಡೆ ಪ್ರಮಾಣಪರೀಕ್ಷಕನ ವಿದ್ಯೆ ಏನು ಮಾಡೀತು? 1920ರ ನಾಗಪುರ ಕಾಂಗ್ರೆಸ್ಸಿನ ತರುವಾಯ ದಾಸರು ವೃತ್ತಿಯನ್ನು ತ್ಯಜಿಸಿದರು. 1921ರ ಡಿಸೆಂಬರಿನಲ್ಲಿ ಸ್ವತಃ ಬಂಧಿತರಾದರು.

1924ರ ಅಕ್ಟೋಬರಿನಲ್ಲಿ, ದಾಸರು ಕಲ್ಕತ್ತೆಯ ಮೇಯರಾಗಿದ್ದಾಗ, ನಗರಸಭೆಯ ಮುಖ್ಯಾಧಿಕಾರಿಯಾಗಿದ್ದ ಸುಭಾಷಚಂದ್ರ ಬೋಸರನ್ನು ಸರ್ಕಾರದವರು ವಿಚಾರಣೆಯಿಲ್ಲದೆ ಸೆರೆಹಿಡಿದರು. ದಾಸರು ಇದನ್ನು ತೀವ್ರವಾಗಿ ಖಂಡಿಸಿದರು. ಆದರೆ ಪಾಟೀಸವಾಲಿಗೆ ಸಾಕ್ಷಿಯಿರಲಿಲ್ಲ, ಪರೀಕ್ಷಿಸಲು ಪತ್ರವಿರಲಿಲ್ಲ, ವಾದವನ್ನು ಕೇಳಲು ನ್ಯಾಯಾಧೀಶನಿರಲಿಲ್ಲ. 1925ರ ಜೂನ್ 16ರಂದು ದಾಸರು ಡಾರ್ಜಿಲಿಂಗಿನಲ್ಲಿ ಕಾಲವಶರಾದರು. ಬೋಸರು 1927ರ ಮೇ ತಿಂಗಳಲ್ಲಿ ರೋಗಪೀಡಿತರಾಗಿ ಬಿಡುಗಡೆ ಹೊಂದಿದರು. ಅಲೀಪುರದಲ್ಲಿ ಅರವಿಂದರಿಗೆ ಒಬ್ಬ ದಾಸರಿದ್ದರು, ಅವರ ಮಾತನ್ನು ಕೇಳಿ ತೂಗಿ ನೋಡಿದ ಬೀಚ್‌ಕ್ರಾಫ್ಟರೂ ಇದ್ದರು. ಬೋಸರ ಪಾಲಿಗೆ ದಾಸರಿದ್ದರೂ ನ್ಯಾಯಾಲಯದ ಬಾಗಿಲು ಮುಚ್ಚಿದ್ದಿತು.